ಸುದ್ದಿಯೂ ಸುದ್ದಿ ತಂದವನೂ

ಮಲೆನಾಡಿನಲ್ಲಿ ನೆರೆಮನೆಯೆಂಬ ಮಾತಿಗೆ ಬಯಲುಸೀಮೆಯ ಅರ್ಥವಿಲ್ಲ. ಒಂದು ಮನೆಗೂ ಇನ್ನೊಂದಕ್ಕೂ ನಡುವೆ ಕಾಫಿಯ ತೋಟವೋ ಹಳ್ಳವೋ, ಕೆಲವೆಡೆ ಒಂದು ಗುಡ್ಡವೋ ಇರುವುದುಂಟು. ಇಂತಹ ಸೀಮೆಯಲ್ಲಿ ಸುದ್ದಿಯು ತಾನಾಗಿ ಬರುತ್ತಿರಲಿಲ್ಲ. ಅದನ್ನು ಒಬ್ಬನು ಹೊತ್ತು ತರಬೇಕಾಗಿತ್ತು.

ಮೈಸೂರು ಸಂಸ್ಥಾನದ ಅಂಚೆಯು 1889ರಲ್ಲಿ ಬ್ರಿಟಿಷರ ಅಂಚೆಯೊಡನೆ ಕೂಡಿಹೋದರೂ ಆ ಹೆಸರು ನಮ್ಮ ಬಾಯಲ್ಲಿ ಉಳಿಯಿತು. ಮದುವೆ, ನಾಮಕರಣಗಳ ಸಮಾಚಾರವೆಲ್ಲ ಅಂಚೆಯಲ್ಲಿಯೇ ಬರುತ್ತಿದ್ದಿತು. ಸಾವಿನ ಸುದ್ದಿಯನ್ನು ಮಾತ್ರ ನಮ್ಮ ಮನೆಗಳಲ್ಲಿ ಕಾಗದಕ್ಕೆ ಒಪ್ಪಿಸುತ್ತಿರಲಿಲ್ಲ. ಅದಕ್ಕೆ ಆಳೇ ಬರಬೇಕು.

ನನ್ನ ಬಾಲ್ಯದಲ್ಲಿ, ಕಳಸದಾಚೆ ಇದ್ದ ಸೋದರತ್ತೆಯು ಆಷಾಢದ ಮಳೆಯಲ್ಲಿ ತೀರಿಕೊಂಡಾಗ ಮೂಡಿಗೆರೆಯ ಬಳಿಯ ನಮ್ಮ ಮನೆಗೆ ಸುದ್ದಿ ಮುಟ್ಟಿದುದು ಮೂರನೆಯ ದಿನ. ಭದ್ರೆಯು ಉಕ್ಕಿದಾಗ ಹೆಬ್ಬಾಳೆಯ ಹಳೆಯ ಸೇತುವೆ ಮುಳುಗಿ ಹೊರನಾಡಿನ ದಾರಿಯೇ ಕಡಿದುಹೋಗುತ್ತಿದ್ದುದನ್ನು ಕಂಡವರಿಗೆ ಇದು ಸೋಜಿಗವಲ್ಲ. ಬಂದ ಆಳು ಗೊರಬನ್ನು ಕಳಚಿ ಜಗಲಿಯಲ್ಲಿ ಕುಳಿತನು. ಅಪ್ಪನು ಒಂದೊಂದಾಗಿ ಕೇಳಿದನು: ಬಳಿಯಲ್ಲಿ ಯಾರಿದ್ದರು? ನೀರು ಕುಡಿದಳೇ? ಮಾತನಾಡಿದಳೇ? "ತಮ್ಮಯ್ಯ ಬಂದನೇ ಎಂದು ಎರಡು ಸಲ ಕೇಳಿದರು, ಒಡೆಯಾ" ಎಂದನು ಆಳು. ಅಪ್ಪನು ಅಲ್ಲಿಗೆ ಹೋಗುವ ಹೊತ್ತಿಗೆ ಚಿತೆಯ ಬೂದಿಯನ್ನೂ ಮಳೆ ತೊಳೆದಿದ್ದಿತು. ಆ ಕಾಲವನ್ನು ಹೊಗಳುವವರು ಈ ಸಂಕಟವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

2013ರ ಜುಲೈಯಲ್ಲಿ ತಂತಿಯೂ ನಿಂತುಹೋಯಿತು. 2020ರಲ್ಲಿ ಶಾಲೆಗಳು ಮುಚ್ಚಿದ್ದಾಗ ಮಲೆನಾಡಿನ ಮಕ್ಕಳು ಮೊಬೈಲಿನ ಪಾಠಕ್ಕಾಗಿ ಕೊಡೆ ಹಿಡಿದು ಗುಡ್ಡವೇರಿದರು; ನೆಟ್‌ವರ್ಕು ದೊರೆಯುವ ಬಂಡೆಯೇ ಕೆಲವು ಕಡೆ ಊರ ಚಾವಡಿಯಾಯಿತೆಂಬುದು ಒಂದು ವಿನೋದ.

ಕಳೆದ ವರ್ಷ ಅದೇ ಅತ್ತೆಯ ಮಗ, ನನ್ನ ಭಾವ, ತೀರಿಕೊಂಡನು. ಬೆಳಗಿನ ಕಾಫಿಗೆ ಮೊದಲೇ ವಾಟ್ಸಾಪಿನಲ್ಲಿ ಸುದ್ದಿ ಬಂದಿತು. ಕೊಟ್ಟಿಗೆಹಾರದ ಮೇಲೆ ಕಾರಿನಲ್ಲಿ ಹೋಗಿ ಅವನ ಮುಖವನ್ನು ನೋಡಿದೆನು. ಅಪ್ಪನಿಗೆ ದೊರೆಯದ ಈ ಭಾಗ್ಯವನ್ನು ಯಂತ್ರವೇ ನನಗೆ ಕೊಟ್ಟಿತೆಂಬುದನ್ನು ಅಲ್ಲಗಳೆಯಲಾರೆನು. ಮಧ್ಯಾಹ್ನದೊಳಗೆ ನೆಂಟರಿಷ್ಟರಿಂದ ಕೈಮುಗಿದ ಚಿತ್ರಗಳು ಸಾಲುಸಾಲಾಗಿ ಬಂದಿದ್ದವು. ಕಳುಹಿಸಿದವರ ದುಃಖವು ಸುಳ್ಳೆಂದು ನಾನು ಹೇಳುವುದಿಲ್ಲ. ಆದರೆ ಸುದ್ದಿಯೊಡನೆ ಆಳು ಬರಲಿಲ್ಲವಾಗಿ ಪ್ರಶ್ನೆಗಳೂ ಹುಟ್ಟಲಿಲ್ಲ.

ವೈಕುಂಠ ಸಮಾರಾಧನೆಯ ಸಂಜೆ, ಬಂದವರೆಲ್ಲ ಹೊರಟಮೇಲೆ, ಭಾವನ ಮಡದಿಯು ಜಗಲಿಗೆ ಬಂದು ಕುಳಿತರು. "ಅಕ್ಕಾ, ಆ ರಾತ್ರಿ ಏನಾಯಿತು?" ಎಂದು ಕೇಳಿದೆನು. ಅವರು ಹೇಳಿದರು, ಮುಗಿದಮೇಲೆ ತುಸು ಸುಮ್ಮನಿದ್ದು, ಮೊದಲಿನಿಂದ ಇನ್ನೊಮ್ಮೆ ಹೇಳಿದರು.