ಮೊದಲು ಪುಸ್ತಕ, ಆಮೇಲೆ ತರಗತಿ

ಒಂದು ವಿಶ್ವವಿದ್ಯಾಲಯ ಕಟ್ಟಲು ಮೊದಲು ಬೇಕಾದದ್ದೇನು? ನಮ್ಮಲ್ಲಿ ಯಾರನ್ನು ಕೇಳಿದರೂ ಜಮೀನು ಎನ್ನುತ್ತಾರೆ. ಆಮೇಲೆ ಶಂಕುಸ್ಥಾಪನೆಯ ಕಲ್ಲು, ಕಲ್ಲಿನ ಮೇಲೆ ಹೆಸರು. ಹೈದರಾಬಾದಿನಲ್ಲಿ 1917ರಲ್ಲಿ ಹಾಗಾಗಲಿಲ್ಲ. ಅಕ್ಬರ್ ಹೈದರಿಯವರ ಮನವಿಯನ್ನು ಒಪ್ಪಿ ನಿಜಾಮ ಮೀರ್ ಉಸ್ಮಾನ್ ಅಲಿ ಖಾನ್ ಉರ್ದು ಮಾಧ್ಯಮದ ವಿಶ್ವವಿದ್ಯಾಲಯಕ್ಕೆ ಫರ್ಮಾನು ಹೊರಡಿಸಿದಾಗ ಮೊದಲು ಹುಟ್ಟಿದ್ದು ದಾರುಲ್ ತರ್ಜುಮಾ, ಅಂದರೆ ಭಾಷಾಂತರ ವಿಭಾಗ. ಮೌಲ್ವಿ ಅಬ್ದುಲ್ ಹಕ್ ಅದರ ಮೊದಲ ಮುಖ್ಯಸ್ಥರು. ಉಸ್ಮಾನಿಯಾದಲ್ಲಿ ತರಗತಿಗಳು ಶುರುವಾದದ್ದು 1919ರಲ್ಲಿ. ಇವತ್ತು ಎಲ್ಲರೂ ಫೋಟೋ ತೆಗೆಸಿಕೊಳ್ಳುವ ಆರ್ಟ್ಸ್ ಕಾಲೇಜಿನ ಕಟ್ಟಡ ಉದ್ಘಾಟನೆಯಾದದ್ದು 1939ರಲ್ಲಿ. ಮೊದಲು ಪುಸ್ತಕ, ಆಮೇಲೆ ಮಕ್ಕಳು, ಇಪ್ಪತ್ತು ವರ್ಷ ಕಳೆದು ಕಟ್ಟಡ!

ಈ ಕ್ರಮವೇ ನನಗೆ ದೊಡ್ಡ ಪಾಠದಂತೆ ಕಾಣುತ್ತದೆ. ಚರಿತ್ರೆ, ಗಣಿತ, ಭೌತಶಾಸ್ತ್ರ, ಆಮೇಲೆ ವೈದ್ಯಕೀಯ, ಇಂಜಿನಿಯರಿಂಗ್ ಎಲ್ಲವನ್ನೂ ಉರ್ದುವಿನಲ್ಲಿ ಹೇಳಬೇಕಿತ್ತು. ಸಾವಿರಾರು ಪಾರಿಭಾಷಿಕ ಪದಗಳು ಬೇಕಿದ್ದವು. ವಿಷಯ ಬಲ್ಲವರನ್ನೂ ಭಾಷೆ ಬಲ್ಲವರನ್ನೂ ಒಂದೇ ಮೇಜಿನ ಸುತ್ತ ಕೂರಿಸಲಾಯಿತು. ಜಗಳಗಳೂ ಆದವು. ಪದಗಳನ್ನು ಅರಬ್ಬಿಯಿಂದಲೇ ತರಬೇಕೆಂದು ಒಂದು ಪಕ್ಷ. ಈ ನೆಲದ ಭಾಷೆಗಳ ಜಾಯಮಾನಕ್ಕೆ ತಕ್ಕಂತೆ ಕಟ್ಟಬೇಕೆಂದು ವಹೀದುದ್ದೀನ್ ಸಲೀಂ ಅವರ ವಾದ. ಅದಕ್ಕಾಗಿ ಅವರು 1921ರಲ್ಲಿ ಒಂದು ಪುಸ್ತಕವನ್ನೇ ಬರೆದರು. ಕವಿ ಜೋಶ್ ಮಲೀಹಾಬಾದಿ ಕೂಡ ಕೆಲವು ವರ್ಷ ಅಲ್ಲಿ ಅನುವಾದಗಳ ಭಾಷೆ ತಿದ್ದುತ್ತಿದ್ದರು. ಅಂಥ ಬೆಂಕಿಯಂಥ ಕವಿ ಪಠ್ಯಪುಸ್ತಕದ ವಾಕ್ಯ ತಿದ್ದುತ್ತ ಕೂತ ಚಿತ್ರ ಕತೆ ಬರೆಯುವ ನನಗೆ ನಗು ತರಿಸುತ್ತದೆ, ಸ್ವಲ್ಪ ಹೊಟ್ಟೆಕಿಚ್ಚನ್ನೂ. ಇಂಗ್ಲಿಷನ್ನು ಅವರು ಹೊರಗಟ್ಟಲಿಲ್ಲ ಎನ್ನುವುದನ್ನೂ ಹೇಳಬೇಕು. ಅದು ಕಡ್ಡಾಯ ವಿಷಯವಾಗಿ ಉಳಿಯಿತು.

ನನ್ನ ನಾನಾ, ಅಂದರೆ ತಾಯಿಯ ತಂದೆ, 1940ರ ದಶಕದಲ್ಲಿ ರಾಯಚೂರು ಕಡೆಯಿಂದ ಹೋಗಿ ಅಲ್ಲಿ ಓದಿದವರು. ಸಸ್ಯಶಾಸ್ತ್ರಕ್ಕೆ ಕೊನೆಯವರೆಗೂ 'ನಬಾತಿಯಾತ್' ಎಂದೇ ಅನ್ನುತ್ತಿದ್ದರು. ಅವರ ಕೋಣೆಯಲ್ಲಿ ಜೊತೆಗಿದ್ದವರು ಒಬ್ಬ ಲಿಂಗಾಯತ ಹುಡುಗ. ಮನೆಯಲ್ಲಿ ಕನ್ನಡ, ತರಗತಿಯಲ್ಲಿ ಉರ್ದು. ಅವನು ಒಂದು ಪಾಠವನ್ನು ಎರಡು ಸಲ ಓದುತ್ತಿದ್ದನಂತೆ: ಒಮ್ಮೆ ಭಾಷೆಗಾಗಿ, ಒಮ್ಮೆ ವಿಷಯಕ್ಕಾಗಿ.

ಆ ದೊಡ್ಡ ಯೋಜನೆಯ ಕುರುಡು ಇಲ್ಲೇ ಇತ್ತು. ಸಂಸ್ಥಾನದ ಹತ್ತರಲ್ಲಿ ಎಂಟಕ್ಕೂ ಹೆಚ್ಚು ಜನ ತೆಲುಗು, ಮರಾಠಿ, ಕನ್ನಡ ಮಾತಾಡುವವರು. ಐವತ್ತು ವರ್ಷ ಮುಂದಕ್ಕೆ ನೋಡಬಲ್ಲ ಕಣ್ಣುಗಳು ಐದು ಮೈಲಿ ಆಚೆಯ ಹಳ್ಳಿಯನ್ನು ನೋಡಲಿಲ್ಲ. ಮಾತೃಭಾಷೆಯಲ್ಲಿ ಕಲಿಸಬೇಕೆಂಬ ವಾದ ಆಳುವವರ ಭಾಷೆಯ ಹತ್ತಿರ ಬಂದು ನಿಂತುಬಿಟ್ಟಿತು. ನಮ್ಮವರು ಉಸ್ಮಾನಿಯಾದ ಹೆಸರು ಹೇಳಿ ಹೆಮ್ಮೆಪಡುವಾಗ ಈ ಮಾತನ್ನು ನುಂಗಿಕೊಳ್ಳಬಾರದು. 1938ರಲ್ಲಿ ಹಾಸ್ಟೆಲ್ಲಿನಲ್ಲಿ ವಂದೇ ಮಾತರಂ ಹಾಡಿದ್ದಕ್ಕೆ ಹೊರಹಾಕಲ್ಪಟ್ಟ ವಿದ್ಯಾರ್ಥಿಗಳು ನಾಗಪುರಕ್ಕೆ ಹೋಗಿ ಓದು ಮುಂದುವರಿಸಿದ್ದನ್ನೂ ಮರೆಯಬಾರದು.

1948ರ ಸೆಪ್ಟೆಂಬರಿನ ಪೊಲೀಸ್ ಕಾರ್ಯಾಚರಣೆಯ ನಂತರ ಬೋಧನೆ ಇಂಗ್ಲಿಷಿಗೆ ತಿರುಗಿತು. ಮೂವತ್ತು ವರ್ಷದ ಶ್ರಮ ಕಪಾಟು ಸೇರಿತು. ಉರ್ದು ಅಲ್ಲಿ ಹಾಗೆಯೇ ಉಳಿಯಬೇಕಿತ್ತೆಂದು ನಾನು ಹೇಳುವುದಿಲ್ಲ. ಆದರೆ ಪದ ಕಟ್ಟುವ ಆ ವಿದ್ಯೆ, ಪುಸ್ತಕ ಮುಗಿಸಿ ತರಗತಿ ತೆರೆಯುವ ಆ ಶಿಸ್ತು ತೆಲುಗಿಗೆ, ಮರಾಠಿಗೆ, ಕನ್ನಡಕ್ಕೆ ದಾಟಬಹುದಿತ್ತಲ್ಲವೇ? ಮೈಸೂರು ವಿಶ್ವವಿದ್ಯಾಲಯ ಉಸ್ಮಾನಿಯಾಕ್ಕಿಂತ ಮೊದಲೇ, 1916ರಲ್ಲಿ ಹುಟ್ಟಿತು; ಅದರ ಇಂಗ್ಲಿಷ್-ಕನ್ನಡ ನಿಘಂಟು ಬಂದದ್ದು 1946ರಲ್ಲಿ. ಕುವೆಂಪು ಅಲ್ಲಿ ಉಪಕುಲಪತಿಯಾದದ್ದು 1956ರಲ್ಲಿ. ವಿಜ್ಞಾನವನ್ನು ಕನ್ನಡದಲ್ಲಿ ಕಲಿಸಬೇಕೆಂಬುದು ಅವರ ಹಟ. ರಾಯಚೂರು, ಗುಲ್ಬರ್ಗಾ, ಬೀದರ್ ಮೈಸೂರು ರಾಜ್ಯಕ್ಕೆ ಸೇರಿದ್ದೂ ಅದೇ ವರ್ಷ. ನಮ್ಮ ಕಡೆಯ ಉಸ್ಮಾನಿಯಾ ಪದವೀಧರರು ಆಗ ಕಚೇರಿಗಳಲ್ಲಿ ಹೊಸದಾಗಿ ಕನ್ನಡದ ಕಾಗುಣಿತ ತಿದ್ದುತ್ತಿದ್ದರು. ನನ್ನ ನಾನಾ ಕೂಡ.

ನಾನು ಏಳನೆಯವರೆಗೆ ಉರ್ದು ಶಾಲೆ, ಆಮೇಲೆ ಕನ್ನಡ ಹೈಸ್ಕೂಲು. ಎಲೆ ಬಿಸಿಲಿನಿಂದ ಆಹಾರ ತಯಾರಿಸುವುದನ್ನು ಮೊದಲು 'ಜಿಯಾಈ ತಾಲೀಫ್' ಎಂದು ಕಲಿತೆ, ಆಮೇಲೆ 'ದ್ಯುತಿಸಂಶ್ಲೇಷಣೆ' ಎಂದು. ಒಂದು ಅರಬ್ಬಿ, ಒಂದು ಸಂಸ್ಕೃತ. ದಖನಿ ಮಾತಾಡುವ ನಮ್ಮಮ್ಮನಿಗೆ ಎರಡೂ ಒಂದೇ! ಪಿ.ಯು.ಸಿ.ಗೆ ಬಂದಾಗ ಮೂರನೆಯದು, ಫೋಟೋಸಿಂಥೆಸಿಸ್.

ಈಗಿನ ಕತೆ ಕೇಳಿ. ನನ್ನ ತಂಗಿಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು 2021ರಲ್ಲಿ ಕನ್ನಡ ಮಾಧ್ಯಮದ ಬಿ.ಎ.ಗೆ ಸೇರಿದಳು. ಕರ್ನಾಟಕ ಹೊಸ ರಾಷ್ಟ್ರೀಯ ಶಿಕ್ಷಣ ನೀತಿಯ ನಾಲ್ಕು ವರ್ಷದ ಪದವಿಯನ್ನು ಜಾರಿಗೆ ತಂದದ್ದು ಆ ವರ್ಷವೇ. ಪಠ್ಯಕ್ರಮ ಬಂತು, ಪುಸ್ತಕ ಬರಲಿಲ್ಲ. ಅವಳ ವಿಶ್ವವಿದ್ಯಾಲಯದ ಹೆಸರು ಬೇಡ. ಅರ್ಧ ಸೆಮಿಸ್ಟರು ಜೆರಾಕ್ಸ್ ನೋಟ್ಸಿನಲ್ಲೇ ಕಳೆಯಿತು. ಚಿಕ್ಕವಳು 2024ರಲ್ಲಿ ಸೇರಿದಳು. ಅಷ್ಟರಲ್ಲಿ ಸರ್ಕಾರ ಬದಲಾಗಿ ಪದವಿ ಮತ್ತೆ ಮೂರು ವರ್ಷದ್ದಾಗಿತ್ತು, ಪಠ್ಯಕ್ರಮವೂ ಬೇರೆ. ಯಾವ ನೀತಿ ಒಳ್ಳೆಯದು ಎಂಬ ಜಗಳಕ್ಕೆ ನಾನು ಹೋಗುವುದಿಲ್ಲ. ಮೂರು ವರ್ಷದಲ್ಲಿ ಎರಡು ಸಲ ದಾರಿ ಬದಲಾದರೆ ಮೇಷ್ಟರು ಪುಸ್ತಕ ಬರೆಯುವುದು ಯಾವಾಗ? ಇತ್ತ ಬೊಮ್ಮಾಯಿ ಸರ್ಕಾರದ ಕಾಲದಲ್ಲಿ ಹಲವು ಜಿಲ್ಲೆಗಳಿಗೆ ಹೊಸ ವಿಶ್ವವಿದ್ಯಾಲಯಗಳು ಬಂದವು. 2025ರ ಫೆಬ್ರವರಿಯಲ್ಲಿ ಸಂಪುಟ ಉಪಸಮಿತಿಯೊಂದು ಒಂಬತ್ತನ್ನು ಮುಚ್ಚಲು ಸಲಹೆ ಕೊಟ್ಟಿತು. ಹಣವಿಲ್ಲ, ಜಮೀನಿಲ್ಲ ಎಂಬ ಕಾರಣಗಳು ಅದರಲ್ಲಿದ್ದವು. ತೆರೆಯುವಾಗ ಯಾರೂ ಲೆಕ್ಕ ಹಾಕಿರಲಿಲ್ಲವೇ?

ನಮ್ಮಂಥ ಮನೆಗಳಲ್ಲಿ ಅಕ್ಕನ ಪುಸ್ತಕ ತಂಗಿಗೆ ಬರುವುದು ವಾಡಿಕೆ. ಅದೇ ನಮ್ಮ ದೂರಗಾಮಿ ಯೋಜನೆ. ದೊಡ್ಡವಳು ತನ್ನ ನೋಟ್ಸುಗಳನ್ನೆಲ್ಲ ಜೋಡಿಸಿ, ಕಂದು ಹಾಳೆಯ ರಟ್ಟು ಹಾಕಿ ತಂಗಿಗೆ ಕೊಟ್ಟಿದ್ದಳು. ಚಿಕ್ಕವಳು ಕಾಲೇಜಿಗೆ ಹೋಗಿ ಪಠ್ಯಕ್ರಮದ ಹಾಳೆ ತಂದಳು. ಇಬ್ಬರೂ ಕೂತು ತಾಳೆ ನೋಡಿದರು. ಹೊಂದಿದ್ದು ಎರಡೇ ಅಧ್ಯಾಯ.