ನಾದವಿಲ್ಲದ ತಂಬೂರಿ

ದೇವನೂರಿನ ತರುಣರು ವೃದ್ಧ ವಚನಗಾಯಕರೊಬ್ಬರ ಕಂಠವನ್ನು ಗಣಕಯಂತ್ರದಲ್ಲಿ ಮುದ್ರಿಸಿಡಲು ಸಂಕಲ್ಪಿಸಿದಾಗ ನಾವು ಹರ್ಷಪಟ್ಟೆವು. ಎಂಬತ್ತು ದಾಟಿದ ಕಂಠ ನಾಳೆಗೆ ಕಾಯುವುದಿಲ್ಲ. ಮಲ್ಲಿಕಾರ್ಜುನ ಮನ್ಸೂರರು 1992ರಲ್ಲಿ ಲಿಂಗೈಕ್ಯರಾದರೂ ಅವರ ವಚನಗಾಯನವನ್ನು ನಾವಿಂದು ಕೇಳುತ್ತಿರುವುದು ಧ್ವನಿಮುದ್ರಣದ ಕೃಪೆಯಿಂದಲ್ಲವೇ? ಹಳ್ಳಿಯ ಗಾಯಕರಿಗೆ ಆ ಭಾಗ್ಯ ಎಲ್ಲಿಯದು!

ತಂಬೂರಿಯ ಶ್ರುತಿಯಿಲ್ಲದೆ ಅವರು ಹಾಡರು. ಅದಕ್ಕೆಂದೇ ಸಂಗೀತ ಸಂಯೋಜನೆಯ ತಂತ್ರಾಂಶವೊಂದಕ್ಕೆ ಹಣ ತೆತ್ತದ್ದಾಯಿತು. ಅರ್ಧ ಗಂಟೆಯಲ್ಲಿ ಅದು ಸ್ಥಾಪನೆಗೊಂಡು ಪರದೆಯ ಮೇಲೆ ತಂಬೂರಿಯ ಚಿತ್ರವೂ ಮೂಡಿತು, ಮೀಟಿದರೆ ನಾದವಿಲ್ಲ! ನಾದಭಂಡಾರವನ್ನು ಪ್ರತ್ಯೇಕವಾಗಿ ಇಳಿಸಿಕೊಳ್ಳಬೇಕಂತೆ. ಒಂದೊಂದು ತಂತಿಯನ್ನೂ ಮೆಲ್ಲಗೆ, ಜೋರಾಗಿ, ಹಲವು ಬಗೆಯಲ್ಲಿ ಮೀಟಿ ಮುದ್ರಿಸಿದ ಕಡತಗಳಾದ್ದರಿಂದ ಅದರ ಗಾತ್ರ ಹತ್ತಾರು ಗಿಗಾಬೈಟು. ಕಟ್ಟು ಬಿಚ್ಚುವಾಗ ಹೆಚ್ಚುಕಡಿಮೆ ಇಮ್ಮಡಿ ಸ್ಥಳ ಬೇಕು. ಕರೆಂಟು ಹೋದರೆ ಮತ್ತೆ ಮೊದಲಿನಿಂದ. ಸ್ಥಳ ಸಾಲದೆಂದು ಬೇರೆ ಡಿಸ್ಕಿಗೆ ಸಾಗಿಸಿದರೆ 'ಕಡತ ಸಿಗುತ್ತಿಲ್ಲ' ಎಂಬ ಉತ್ತರ. ಇದನ್ನೆಲ್ಲ ಮಾರುವ ಮುನ್ನವೇ ಹೇಳಬಾರದೇ? ಅನ್ನವನ್ನು ಬೇರೊಂದೂರಿನಲ್ಲಿಟ್ಟು ಇಲ್ಲಿ ಎಲೆ ಹಾಸಿ ಕೂರಿಸುವುದು ಯಾವ ನ್ಯಾಯ?

ಐದನೆಯ ದಿನ ಭಂಡಾರ ತೆರೆಯಿತು. ಸಿತಾರು, ತಬಲಾಗಳಿದ್ದವು, ನಮ್ಮ ಸೀಮೆಯ ಕಂಸಾಳೆ ಇರಲಿಲ್ಲ. ತಂಬೂರಿಯೇನೋ ಒಮ್ಮೆ ನುಡಿದು, ಪರವಾನಗಿ ಸಂಖ್ಯೆ ಕೇಳಿ ಮತ್ತೆ ಮೌನವಾಯಿತು.

ಅಷ್ಟರಲ್ಲಿ ಗಾಯಕರಿಗೆ ಕೆಮ್ಮು ಹಿಡಿದಿತ್ತು. ಮೈಸೂರಿನಿಂದ ರಾಡೆಲ್ ಶ್ರುತಿಪೆಟ್ಟಿಗೆಯೊಂದನ್ನು ತರಿಸಿದೆವು. ಗುಂಡಿ ಒತ್ತಿದೊಡನೆ ನಾದ. ಅದನ್ನು ಪಕ್ಕದಲ್ಲಿಟ್ಟು, ಮೊಬೈಲ್ ಫೋನಿನಲ್ಲಿಯೇ, ಕೆಮ್ಮಿನ ನಡುನಡುವೆ ಅವರು ಹಾಡಿದ ಮೂರು ವಚನಗಳು ದೊರೆತವು. ಇನ್ನೂ ನೂರಕ್ಕೂ ಮಿಕ್ಕಿ ಅವರ ಕಂಠದಲ್ಲಿಯೇ ಇವೆ.