ಹಾಡುವ ಪೆಟ್ಟಿಗೆಯ ಆಯ್ಕೆ

ಹೊಸ ವಸ್ತುವನ್ನು ಕೊಳ್ಳುವವನಿಗೆ ಅಂಗಡಿಯವನೊಬ್ಬ ಬುದ್ಧಿ ಹೇಳಿದರೆ, ಹಳೆಯ ವಸ್ತುವನ್ನು ಕೊಳ್ಳಹೊರಟವನಿಗೆ ಊರಿಗೆ ಊರೇ ಬುದ್ಧಿ ಹೇಳುತ್ತದೆ. ಆ ವಸ್ತು ಹಾಡುವ ಪೆಟ್ಟಿಗೆಯಾಗಿದ್ದರಂತೂ ಕೇಳುವುದೇ ಬೇಡ, ಕಿವಿಯುಳ್ಳವರೆಲ್ಲರೂ ಪಂಡಿತರೇ. ವಾಲ್ವಿನ ಯಂತ್ರವೊಂದೇ ಯಂತ್ರವೆಂದು ಒಬ್ಬರು, ಸೊಂಟದೆತ್ತರದ ಸ್ಪೀಕರಿಲ್ಲದಿದ್ದರೆ ಅದು ಸಂಗೀತವೇ ಅಲ್ಲವೆಂದು ಇನ್ನೊಬ್ಬರು, ಅಂಗೈಯಗಲದ ಫೋನಿನಲ್ಲಿ ಜಗತ್ತಿನ ಹಾಡೆಲ್ಲ ಬರುವಾಗ ಈ ಉಸಾಬರಿಯೇಕೆಂದು ಮತ್ತೊಬ್ಬರು! ಮೂವರ ಮಾತನ್ನೂ ತಲೆದೂಗಿ ಕೇಳಿಕೊಂಡು, ಕಳೆದ ವರ್ಷ ನಾನು ಬೆಳಗಾವಿಯ ಗಲ್ಲಿಗಲ್ಲಿಗಳಲ್ಲಿ ಹಳೆಯ ಸ್ಪೀಕರುಗಳನ್ನೂ ಒಂದು ಪ್ರಿ-ಆಂಪ್ಲಿಫೈಯರನ್ನೂ ಹುಡುಕುತ್ತ ಎರಡು ತಿಂಗಳು ಅಲೆದೆ. ಕಿಸೆಯಲ್ಲಿದ್ದದ್ದು 25,000 ರೂಪಾಯಿ. ಅದಕ್ಕಿಂತ ಒಂದು ರೂಪಾಯಿಯೂ ಹೆಚ್ಚಲಾಗದೆಂದು ಮನೆಯಾಕೆಯ ಕಟ್ಟಪ್ಪಣೆಯಾಗಿತ್ತು.

ಇದಕ್ಕೆಲ್ಲ ಕಾರಣರು ಖಾನಾಪುರದಲ್ಲಿರುವ ನಮ್ಮ ಕಾಕಾ. ವಯಸ್ಸು 79, ಮಾಸ್ತರಿಕೆಯಿಂದ ನಿವೃತ್ತರಾಗಿ ಎರಡು ದಶಕಗಳೇ ಕಳೆದಿವೆ. ಧಾರವಾಡದಲ್ಲಿ ಆಕಾಶವಾಣಿ ಕೇಂದ್ರ ಆರಂಭವಾದ 1950ರಲ್ಲಿ ಅವರಿನ್ನೂ ಕೂಸು. ಆ ಕೇಂದ್ರದ ಹಾಡು ಕೇಳುತ್ತಲೇ ಬೆಳೆದವರು, ಕೈಗೆ ಸಂಬಳ ಬಂದ ಮೇಲೆ ಒಂದೊಂದಾಗಿ ಎಲ್‌ಪಿ ರೆಕಾರ್ಡುಗಳನ್ನು ಕೂಡಿಹಾಕಿದರು. ಮನಸೂರರು, ಗಂಗೂಬಾಯಿಯವರು, ಭೀಮಸೇನರು, ಕುಮಾರ ಗಂಧರ್ವರು ಎಲ್ಲರೂ ಅವರ ಗೋಡೆಯ ಕಪಾಟಿನಲ್ಲಿ ಒತ್ತಾಗಿ ನಿಂತಿದ್ದಾರೆ. ಟರ್ನ್‌ಟೇಬಲ್ಲು ಗಟ್ಟಿಮುಟ್ಟಾಗಿದೆ. ಆದರೆ ಆಂಪ್ಲಿಫೈಯರೂ ಸ್ಪೀಕರುಗಳೂ ಖಾನಾಪುರದ ಮಳೆಗಾಲಗಳಿಗೆ ಆಹುತಿಯಾಗಿ ಹನ್ನೊಂದು ವರ್ಷಗಳಾಗಿದ್ದವು. ಕಾಕೂ ತೀರಿಕೊಂಡ ಮೇಲೆ ಅವುಗಳನ್ನು ದುರಸ್ತಿ ಮಾಡಿಸುವ ಉಮೇದೂ ಕಾಕಾರಲ್ಲಿ ಉಳಿಯಲಿಲ್ಲ.

ಹೀಗಿರಲು, ಕಿವಿಯ ಪರೀಕ್ಷೆಗೆಂದು ಬೆಳಗಾವಿಗೆ ಬಂದವರು ಹಿಂದಿರುಗುವಾಗ ಬಸ್ ನಿಲ್ದಾಣದಲ್ಲಿ ನನ್ನ ಕೈ ಹಿಡಿದುಕೊಂಡು, "ತಮ್ಮಾ, ಕಿವಿ ಪೂರಾ ಹೋಗೂದ್ರೊಳಗ ಒಮ್ಮೆ ಮನಸೂರರನ್ನ ಕೇಳಬೇಕಂತ ಆಸೆ ಆಗೇತಿ," ಎಂದರು. ಪುಣೆಯಲ್ಲಿರುವ ಮಗ ಕೊಡಿಸಿದ ಚಿಕ್ಕ ನಿಸ್ತಂತು ಸ್ಪೀಕರು ಅವರ ಮನೆಯಲ್ಲಿದೆ. "ಅದರಾಗ ಹಾಡು ಬರ್ತೈತಿ, ಮನಶ್ಯಾ ಬರೂದಿಲ್ಲ," ಎಂಬುದು ಅದರ ಬಗೆಗೆ ಅವರ ಅಭಿಪ್ರಾಯ. ಸಮಯವೆಂಬುದು ನಮ್ಮ ಕೈಯಲ್ಲಿರಲಿಲ್ಲ. ವೈದ್ಯರ ಮಾತಿನಂತೆ ಎತ್ತರದ ಸ್ವರಗಳು ಅವರ ಕಿವಿಯಿಂದ ಒಂದೊಂದಾಗಿ ಜಾರುತ್ತಿದ್ದವು.

ರೆಕಾರ್ಡಿನಿಂದ ಕಿವಿಯವರೆಗಿನ ದಾರಿಯನ್ನು ಮಲಪ್ರಭೆಯ ದಾರಿಗೆ ಹೋಲಿಸಬಹುದು. ಆ ಹೊಳೆ ಹುಟ್ಟುವುದು ಖಾನಾಪುರ ತಾಲೂಕಿನ ಕಣಕುಂಬಿಯಲ್ಲಿ. ಅಲ್ಲಿ ಅದೊಂದು ಸಣ್ಣ ನೀರಿನ ಎಳೆ. ಸವದತ್ತಿಯ ಬಳಿ ನವಿಲುತೀರ್ಥದ ಅಣೆಕಟ್ಟಿಗೆ ಬರುವ ಹೊತ್ತಿಗೆ ಸಮುದ್ರದಂತೆ ಹರಡಿರುತ್ತದೆ. ರೆಕಾರ್ಡಿನ ಗೀರಿನಲ್ಲಿ ಮುಳ್ಳು ಓಡುವಾಗ ಅಯಸ್ಕಾಂತದ ಕಾರ್ಟ್ರಿಜ್ಜಿನಲ್ಲಿ ಹುಟ್ಟುವ ವಿದ್ಯುತ್ತು ಕೇವಲ 3ರಿಂದ 5 ಮಿಲಿವೋಲ್ಟು. ಪ್ರಿ-ಆಂಪ್ಲಿಫೈಯರು ಅದನ್ನು ಸುಮಾರು ನೂರು ಪಟ್ಟು ಹಿಗ್ಗಿಸಿ ಮುಖ್ಯ ಆಂಪ್ಲಿಫೈಯರಿಗೆ ಒಪ್ಪಿಸುತ್ತದೆ. ಮೂಲದಲ್ಲಿಯೇ ನೀರು ಕಲಕಿದರೆ ಮುಂದೆ ಎಷ್ಟು ದೊಡ್ಡ ಅಣೆ ಕಟ್ಟಿದರೇನು, ನಿಲ್ಲುವುದು ರಾಡಿಯೇ.

ಹಿಗ್ಗಿಸುವುದಲ್ಲದೆ ಪ್ರಿ-ಆಂಪ್ಲಿಫೈಯರಿಗೆ ಇನ್ನೊಂದು ಕೆಲಸವೂ ಉಂಟು. ರೆಕಾರ್ಡನ್ನು ಕೊರೆಯುವಾಗ ತಗ್ಗಿನ ಸ್ವರಗಳನ್ನು ಕುಗ್ಗಿಸಿ, ಎತ್ತರದ ಸ್ವರಗಳನ್ನು ಹಿಗ್ಗಿಸಿ ಕೊರೆದಿರುತ್ತಾರೆ. ಹಾಗೆ ಮಾಡದಿದ್ದರೆ ತಗ್ಗಿನ ಸ್ವರದ ಗೀರು ಅಗಲವಾಗಿ ಪಕ್ಕದ ಗೀರಿಗೆ ನುಗ್ಗುತ್ತದೆ, ಎತ್ತರದ ಸ್ವರ ರೆಕಾರ್ಡಿನ ಸರಸರ ಸದ್ದಿನಲ್ಲಿ ಮುಳುಗಿಹೋಗುತ್ತದೆ. ನುಡಿಸುವಾಗ ಈ ಏರುಪೇರನ್ನು ತಿರುಗಿಸಿ ಸರಿಪಡಿಸಬೇಕು. ಎಷ್ಟು ಕುಗ್ಗಿಸಬೇಕು, ಎಷ್ಟು ಹಿಗ್ಗಿಸಬೇಕೆಂಬುದರಲ್ಲಿ ಮೊದಲು ಒಂದೊಂದು ಕಂಪನಿಯದು ಒಂದೊಂದು ಪದ್ಧತಿಯಾಗಿತ್ತು. 1954ರಲ್ಲಿ ಅಮೆರಿಕದ ಧ್ವನಿಮುದ್ರಣ ಉದ್ಯಮದ ಸಂಘವು ನಿಗದಿಪಡಿಸಿದ ಅಳತೆಯನ್ನು ಮುಂದೆ ಜಗತ್ತೆಲ್ಲ ಒಪ್ಪಿಕೊಂಡಿತು. ಕೊಳ್ಳುವವರು ಗಮನಿಸಬೇಕಾದ ಮಾತೊಂದಿದೆ. ಹಳೆಯ ಅಗ್ಗದ ರೆಕಾರ್ಡ್ ಪ್ಲೇಯರುಗಳಲ್ಲಿ ಅನೇಕ ವೇಳೆ ಇರುವುದು ಸಿರಾಮಿಕ್ ಕಾರ್ಟ್ರಿಜ್ಜು. ಅದು ತಾನಾಗಿಯೇ ನೂರಾರು ಮಿಲಿವೋಲ್ಟು ಕೊಡುವುದರಿಂದ ಅದಕ್ಕೆ ಈ ಬಗೆಯ ಪ್ರಿ-ಆಂಪ್ಲಿಫೈಯರು ಬೇಕಾಗಿಯೇ ಇಲ್ಲ. ಹಾಕಿದರೆ ಸ್ವರ ಕೆಡುತ್ತದೆ. ಆದ್ದರಿಂದ ಮೊದಲು ಮುಳ್ಳಿನ ಕುಲಗೋತ್ರ ವಿಚಾರಿಸಿ, ಆಮೇಲೆ ಪೆಟ್ಟಿಗೆಯ ಮಾತೆತ್ತಬೇಕು. ಕಾಕಾರ ಟರ್ನ್‌ಟೇಬಲ್ಲಿನಲ್ಲಿದ್ದದ್ದು ಅಯಸ್ಕಾಂತದ ಕಾರ್ಟ್ರಿಜ್ಜು.

ನನ್ನ ಮುಂದೆ ಎರಡು ಪ್ರಿ-ಆಂಪ್ಲಿಫೈಯರುಗಳು ಬಂದವು. ಒಂದು, ಶಹಾಪುರದ ಗೃಹಸ್ಥರೊಬ್ಬರ ಅಟ್ಟದ ಮೇಲಿದ್ದ ವಾಲ್ವಿನ ಯಂತ್ರ. ಸಾಗುವಾನಿಯ ಕವಚ, ಹಿತ್ತಾಳೆಯ ಗುಂಡಿಗಳು, ಒಳಗೆ ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನ ಮುದ್ರೆಯಿದ್ದ ವಾಲ್ವುಗಳು. 1954ರಲ್ಲಿಯೇ ಸ್ಥಾಪನೆಯಾದ ಆ ಕಾರ್ಖಾನೆಯ ವಾಲ್ವುಗಳು ಒಂದು ಕಾಲಕ್ಕೆ ದೇಶದ ಎಷ್ಟೋ ಮನೆಗಳ ರೇಡಿಯೋಗಳಲ್ಲಿ ಬೆಳಗಿದವು. ನೋಡಿದರೆ ದೇವರ ಮನೆಯಲ್ಲಿಡಬೇಕೆನ್ನುವಷ್ಟು ಚೆಲುವಾಗಿತ್ತು. ಬೆಲೆ 9,000 ರೂಪಾಯಿ. ಇನ್ನೊಂದು, ಈಚಿನ ತಯಾರಿಕೆಯ, ಸುಣ್ಣದ ಡಬ್ಬಿಯಷ್ಟು ಚಿಕ್ಕದಾದ ತಗಡಿನ ಪೆಟ್ಟಿಗೆ. ಅದಕ್ಕೆ ಗುಂಡಿಯೂ ಇಲ್ಲ, ಗುಣವೂ ಇಲ್ಲವೆಂಬಂತೆ ತೋರುತ್ತಿತ್ತು; ಬೆಲೆ 2,500.

ಖಡೇ ಬಜಾರದ ಬದಿಯ ಗಲ್ಲಿಯಲ್ಲಿ ರೇಡಿಯೋ ದುರಸ್ತಿ ಮಾಡುವ ವೃದ್ಧರೊಬ್ಬರು ಎರಡನ್ನೂ ಪರೀಕ್ಷಿಸಿದರು. ವಾಲ್ವಿನ ಯಂತ್ರವನ್ನು ನೇರವಾಗಿ ವಿದ್ಯುತ್ತಿಗೆ ಜೋಡಿಸದೆ, ನಡುವೆ ಸೀರೀಸಿನಲ್ಲಿ ಒಂದು ಬಲ್ಬನ್ನಿಟ್ಟರು. ವರ್ಷಗಟ್ಟಲೆ ಸುಮ್ಮನಿದ್ದ ಯಂತ್ರದಲ್ಲಿ ಕೆಪಾಸಿಟರುಗಳು ಒಣಗಿಹೋಗಿರುತ್ತವೆ; ಒಳಗೆ ಎಲ್ಲಿಯಾದರೂ ಶಾರ್ಟ್ ಆಗಿದ್ದರೆ ಯಂತ್ರ ಸುಡುವ ಬದಲು ಬಲ್ಬು ಪ್ರಖರವಾಗಿ ಉರಿದು ಎಚ್ಚರಿಸುತ್ತದೆ. ಬಲ್ಬು ಮಂದವಾಯಿತು, ವಾಲ್ವುಗಳು ಕೆಂಪಗೆ ಕಣ್ತೆರೆದವು. ಆಗ ಅವರು ನನಗೆ ಹೇಳಿದ ಮಾತು ವಿಚಿತ್ರವೆನಿಸಿತು: "ಪ್ಲೇಟ ಹಚ್ಚಬ್ಯಾಡ್ರಿ ಸರ. ಮೊದಲ ಸುಮ್ಮನಿದ್ದಾಗ ಹೆಂಗ ಇರ್ತೈತಿ ಕೇಳ್ರಿ."

ಮುಳ್ಳನ್ನು ಎತ್ತಿಟ್ಟು, ಹಾಡು ಕೇಳುವಷ್ಟೇ ದನಿಯೇರಿಸಿ, ಸ್ಪೀಕರಿಗೆ ಕಿವಿಗೊಟ್ಟೆ. ವಾಲ್ವಿನ ಯಂತ್ರದಲ್ಲಿ ದುಂಬಿಯೊಂದು ಡಬ್ಬಿಯೊಳಗೆ ಸಿಕ್ಕಿಕೊಂಡಂತೆ ಸದ್ದು. ಚಿಕ್ಕ ಪೆಟ್ಟಿಗೆಯಲ್ಲಿ ದೂರದ ಗಾಳಿಯಂತಹ ಒಂದಿಷ್ಟು ಸುಯ್ಲು ಮಾತ್ರ. ಗುಂಯ್ಯೆನ್ನುವ ಸದ್ದಿನಲ್ಲಿಯೂ ಎರಡು ಜಾತಿಗಳಿವೆಯಂತೆ. 50 ಹರ್ಟ್ಸಿನ ತಗ್ಗಿದ ಗುಂಯ್ಕಾರವಾದರೆ ಅರ್ಥಿಂಗಿನ ದೋಷವನ್ನೋ, ಹತ್ತಿರದ ಟ್ರಾನ್ಸ್‌ಫಾರ್ಮರಿನ ಪ್ರಭಾವವನ್ನೋ ಶಂಕಿಸಬೇಕು. 100 ಹರ್ಟ್ಸಿನ ಒರಟು ಸದ್ದಾದರೆ ವಿದ್ಯುತ್ತನ್ನು ಸೋಸುವ ಕೆಪಾಸಿಟರನ್ನು. ಶಹಾಪುರದ ಚೆಲುವೆಗೆ ಎರಡನೆಯ ಕಾಯಿಲೆ. ಚಿಕಿತ್ಸೆಗೆ ಇನ್ನೂ ಮೂರು ಸಾವಿರ ತಗಲುವುದೆಂದರು.

ಮೌನಕ್ಕೆ ಇಷ್ಟು ಬೆಲೆ ಏಕೆಂದು ವಾಚಕರು ಕೇಳಬಹುದು. ಬೆಳಗಾವಿಯ ಮಗ್ಗುಲಿನ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರನ್ನು ನೆನೆಯಿರಿ. ಪ್ರಾಯದಲ್ಲಿಯೇ ಕ್ಷಯಕ್ಕೆ ತುತ್ತಾಗಿ, ಕೆಲವು ವರ್ಷ ಹಾಡುವುದನ್ನೇ ನಿಲ್ಲಿಸಿ, 1950ರ ದಶಕದಲ್ಲಿ ಅವರು ಮತ್ತೆ ವೇದಿಕೆಗೆ ಮರಳಿದರು. ಆಮೇಲಿನ ಅವರ ಗಾಯನದಲ್ಲಿ ಚಿಕ್ಕ ಚಿಕ್ಕ ಸ್ವರಗುಚ್ಛಗಳು, ನಡುನಡುವೆ ಬಿಡುವು. ಆ ಬಿಡುವಿನಲ್ಲಿ ತಂಬೂರಿ ಕೇಳಿಸಬೇಕು, ಮುಂದಿನ ಸ್ವರಕ್ಕಾಗಿ ನಮ್ಮ ಉಸಿರು ಕಾಯಬೇಕು. ಅಲ್ಲಿ ದುಂಬಿ ಕುಳಿತರೆ ಅರ್ಧ ಗಾಯನವೇ ಹೋದಂತೆ. ನಾನು ತಗಡಿನ ಪೆಟ್ಟಿಗೆಯನ್ನು ಕೊಂಡೆ.

ಸ್ಪೀಕರುಗಳ ವಿಷಯದಲ್ಲಿ ಕಲಹ ಮನೆಯೊಳಗೇ ಆರಂಭವಾಯಿತು. ಟಿಳಕವಾಡಿಯಲ್ಲಿ ಒಬ್ಬರು ಮಾರುತ್ತಿದ್ದ ಸೊಂಟದೆತ್ತರದ ಜೋಡಿಯನ್ನು ನೋಡಿದ ನನ್ನ ಮಗ, "ಅಪ್ಪಾ, ಇದನ್ನ ಬಿಟ್ಟು ಬ್ಯಾರೆದು ನೋಡಬ್ಯಾಡ್ರಿ," ಎಂದು ಹಟ ಹಿಡಿದ. ಒಂದೊಂದರಲ್ಲಿ ಮೂರು ಮೂರು ಬಾಯಿ. ತಬಲಾದ ಬಾಯಾಂ ಎದೆಗೆ ಬಂದು ಗುದ್ದುತ್ತಿತ್ತು. ಇನ್ನೊಂದು ಜೋಡಿ, ಕ್ಯಾಂಪ್ ಪ್ರದೇಶದ ನಿವೃತ್ತ ಅಧಿಕಾರಿಯೊಬ್ಬರದು. ಪುಸ್ತಕದ ಕಪಾಟಿನಲ್ಲಿ ಹಿಡಿಸುವಷ್ಟು ಸಣ್ಣದು, ಎರಡೇ ಬಾಯಿ, ಬಣ್ಣ ಮಾಸಿದ ಬಟ್ಟೆಯ ಮುಸುಕು. ಎರಡರ ಬೆಲೆಯೂ 12,000ದ ಆಸುಪಾಸು.

ಹಳೆಯ ಸ್ಪೀಕರನ್ನು ಕಣ್ಣು, ಬೆರಳು, ಕಿವಿ ಮೂರರಿಂದಲೂ ಪರೀಕ್ಷಿಸಬೇಕು. ಮುಸುಕು ತೆಗೆದು ಶಂಕುವಿನ ಸುತ್ತಲಿನ ಅಂಚನ್ನು ನೋಡಬೇಕು. ಫೋಮಿನ ಅಂಚು ತೇವಕ್ಕೂ ಸೆಕೆಗೂ ಪುಡಿಪುಡಿಯಾಗುತ್ತದೆ; ಖಾನಾಪುರದಂತಹ ಮಳೆಯೂರಿಗೆ ರಬ್ಬರಿನ ಅಥವಾ ಬಟ್ಟೆಯ ಅಂಚೇ ಲೇಸು. ಎರಡೂ ಕೈಬೆರಳುಗಳಿಂದ ಶಂಕುವನ್ನು ಸಮವಾಗಿ, ಮೆಲ್ಲಗೆ ಒಳಕ್ಕೊತ್ತಿದರೆ ಸದ್ದಿಲ್ಲದೆ ಹೋಗಿಬರಬೇಕು. ಕರಕರ ಎಂದರೆ ಒಳಗಿನ ಸುರುಳಿ ಉಜ್ಜುತ್ತಿದೆಯೆಂದು ತಿಳಿಯಬೇಕು. ಸ್ಪೀಕರಿನ ಶಕ್ತಿಯನ್ನು ವ್ಯಾಟಿನಲ್ಲಿ ಅಳೆದು ಮರುಳಾಗಬಾರದು. ಒಂದು ವ್ಯಾಟಿಗೆ ಒಂದು ಮೀಟರು ದೂರದಲ್ಲಿ ಎಷ್ಟು ಡೆಸಿಬಲ್ ಕೊಡುತ್ತದೆಂಬುದೇ ಮುಖ್ಯ. 88 ಡೆಸಿಬಲ್ಲಿನ ಸ್ಪೀಕರಿಗೆ 20 ವ್ಯಾಟು ಬೇಕಾದಲ್ಲಿ 91 ಡೆಸಿಬಲ್ಲಿನದಕ್ಕೆ 10 ವ್ಯಾಟು ಸಾಕು. ಹೀಗೆ ಸ್ಪೀಕರನ್ನು ನೋಡಿ ಆರಿಸಿದರೆ ಆಂಪ್ಲಿಫೈಯರಿನಲ್ಲಿ ಹಣ ಉಳಿಯುತ್ತದೆ. ನನಗೆ 7,000 ರೂಪಾಯಿಗೆ ಸಿಕ್ಕ 20 ವ್ಯಾಟಿನ ಹಳೆಯ ಟ್ರಾನ್ಸಿಸ್ಟರ್ ಆಂಪ್ಲಿಫೈಯರು ಆ ಕೋಣೆಗೆ ಬೇಕಾದಷ್ಟಾಯಿತು.

ಆದರೆ ಕೊನೆಯ ತೀರ್ಪು ಕೇಳುವವರ ಕಿವಿಯದು, ಕೇಳುವ ಕೋಣೆಯದು. ಇಬ್ಬರು ಯಜಮಾನರೂ ದೊಡ್ಡ ಮನಸ್ಸು ಮಾಡಿ ಒಂದು ದಿನದ ಮಟ್ಟಿಗೆ ತಮ್ಮ ಸ್ಪೀಕರುಗಳನ್ನು ಕೊಟ್ಟರು. ಬಾಡಿಗೆಯ ಟೆಂಪೋದಲ್ಲಿ ಹೇರಿಕೊಂಡು, ಒಂದು ಭಾನುವಾರ ನಾನೂ ಮಗನೂ ಖಾನಾಪುರಕ್ಕೆ ಹೊರಟೆವು. ಬೆಳಗಾವಿಯಿಂದ ಮುಕ್ಕಾಲು ಗಂಟೆಯ ದಾರಿ. ಖಾನಾಪುರ ಹಂಚಿಗೂ ಮಡಕೆಗೂ ಹೆಸರಾದ ಊರು. ಕಾಕಾರ ಮನೆಯೂ ಕೆಂಪು ಹಂಚಿನದೇ. ಹಾಡು ಕೇಳುವ ಕೋಣೆ ಹತ್ತಡಿಗೆ ಹನ್ನೆರಡಡಿ.

ದೊಡ್ಡ ಜೋಡಿಗೆ ಗೋಡೆಯ ಮೂಲೆಯಲ್ಲದೆ ಬೇರೆ ಜಾಗವಿರಲಿಲ್ಲ. ಮೂಲೆಗೆ ಸೇರಿದ ಸ್ಪೀಕರಿನ ತಗ್ಗಿನ ಸ್ವರ ಎರಡೂ ಗೋಡೆಗಳಿಂದ ಮರಳಿ ಬಂದು ಉಬ್ಬುತ್ತದೆ. ಮನಸೂರರ ವಚನಗಾಯನದ ರೆಕಾರ್ಡು ತಿರುಗಿತು. ಕೋಣೆ ತುಂಬಿತು, ಕಪಾಟಿನ ಗಾಜು ಅದುರಿತು. ಮಗನ ಮುಖ ಅರಳಿತು. ಕಾಕಾ ಮಾತ್ರ ಮುಂದಕ್ಕೆ ಬಾಗಿ, ಬಲಗಿವಿಗೆ ಅಂಗೈ ಹಿಡಿದು ಕುಳಿತಿದ್ದರು.

"ಹೆಂಗ ಐತ್ರಿ ಕಾಕಾ?"

"ದನಿ ಭಾಳ ದೊಡ್ಡದೈತಿ. ಶಬ್ದ ತಿಳೀವಲ್ದು."

ಕಾರಣ ಸರಳವಾದದ್ದು. ಸಕಾರ, ಶಕಾರ, ತಕಾರಗಳಂತಹ ವ್ಯಂಜನಗಳ ಗುರುತು ಇರುವುದು ಎತ್ತರದ ಕಂಪನಗಳಲ್ಲಿ; ವಯಸ್ಸಾದಂತೆ ಕಿವಿ ಮೊದಲು ಕಳೆದುಕೊಳ್ಳುವುದೂ ಅವನ್ನೇ. ಅದರ ಮೇಲೆ ತಗ್ಗಿನ ಸ್ವರ ಉಬ್ಬಿದರೆ ಅಳಿದುಳಿದ ವ್ಯಂಜನಗಳನ್ನೂ ಅದು ಮುಚ್ಚಿಹಾಕುತ್ತದೆ.

ಸಣ್ಣ ಜೋಡಿಯನ್ನು ಗೋಡೆಯಿಂದ ಎರಡಡಿ ಮುಂದಕ್ಕೆ, ಎರಡು ಮರದ ಸ್ಟೂಲುಗಳ ಮೇಲಿಟ್ಟೆವು. ಎತ್ತರದ ಸ್ವರ ದೀಪದ ಕಿರಣದಂತೆ ನೇರವಾಗಿ ಸಾಗುವುದರಿಂದ ಸ್ಪೀಕರಿನ ಮೇಲಿನ ಬಾಯಿ ಕುಳಿತವರ ಕಿವಿಯ ಮಟ್ಟಕ್ಕಿರಬೇಕು. ಒಂದೂವರೆ ವೋಲ್ಟಿನ ಬ್ಯಾಟರಿಯನ್ನು ಕ್ಷಣಮಾತ್ರ ಸೋಂಕಿಸಿ, ಎರಡೂ ಶಂಕುಗಳು ಮುಂದಕ್ಕೇ ಚಲಿಸುವುದನ್ನು ನೋಡಿ ತಂತಿಗಳನ್ನು ಜೋಡಿಸಿದೆವು. ಒಂದು ಮುಂದೆ, ಒಂದು ಹಿಂದೆ ಚಲಿಸಿದರೆ ಹಾಡುವವರು ನಡುವೆ ನಿಲ್ಲದೆ ಎಲ್ಲಿಯೋ ಚದರಿಹೋಗುತ್ತಾರೆ. ಮೊದಲಿಗೆ ಹಳೆಯದೊಂದು ಮೋನೋ ರೆಕಾರ್ಡು ಹಾಕಿದೆವು. ಧ್ವನಿ ಎರಡು ಪೆಟ್ಟಿಗೆಗಳಿಂದ ಬಾರದೆ, ನಡುವಿನ ಬರಿಯ ಗೋಡೆಯಿಂದ ಬಂತು. ಅನಂತರ ಅದೇ ವಚನಗಾಯನ.

ಗಾಜು ಅದುರಲಿಲ್ಲ, ಎದೆಗೆ ಯಾವುದೂ ಗುದ್ದಲಿಲ್ಲ. ಮಗ ನಿರಾಸೆಯಿಂದ ನನ್ನತ್ತ ನೋಡಿದ. ಕಾಕಾರ ಅಂಗೈ ಕಿವಿಯಿಂದ ಮೆಲ್ಲಗೆ ಕೆಳಗಿಳಿದು ತೊಡೆಯ ಮೇಲೆ ಕುಳಿತು ತಾಳ ಹಿಡಿಯಿತು. ತುಟಿಗಳು ಗಾಯಕರೊಡನೆ ವಚನದ ಒಂದೊಂದು ಮಾತನ್ನೂ ಹೇಳುತ್ತಿದ್ದವು. ರೆಕಾರ್ಡಿನ ಒಂದು ಮಗ್ಗುಲು ಮುಗಿದು ಮುಳ್ಳು ಒಳಸುತ್ತಿನಲ್ಲಿ ಟಿಕ್ ಟಿಕ್ ಎನ್ನತೊಡಗಿದರೂ ಅವರು ಕಣ್ಣು ತೆರೆಯಲಿಲ್ಲ. ಬಹಳ ಹೊತ್ತಿನ ಮೇಲೆ, "ಅಕ್ಷರ ಕೇಳ್ತಾವ ತಮ್ಮಾ. ನಿಮ್ಮ ಕಾಕೂ ಇದನ್ನ ಭಾಳ ಸಲ ಹಚ್ಚಸ್ತಿದ್ಲು," ಎಂದರು. ಮಗ ಎದ್ದು, ಯಾರೂ ಹೇಳದೆಯೇ, ರೆಕಾರ್ಡನ್ನು ಮಗ್ಗುಲು ಬದಲಿಸಿದ.

ಲೆಕ್ಕ ಹೀಗಾಯಿತು: ಸ್ಪೀಕರಿಗೆ 12,000, ಆಂಪ್ಲಿಫೈಯರಿಗೆ 7,000, ಪ್ರಿ-ಆಂಪ್ಲಿಫೈಯರಿಗೆ 2,500, ಹೊಸ ಮುಳ್ಳಿಗೆ 1,800, ಉಳಿದ 1,700ರಲ್ಲಿ ತಂತಿಗಳು, ಮತ್ತು ಹಿತ್ತಲಲ್ಲಿ ಗುಂಡಿ ತೋಡಿ ಇದ್ದಿಲು, ಉಪ್ಪು ತುಂಬಿ ಮಾಡಿಸಿದ ಅರ್ಥಿಂಗು. ಹಣ ಸ್ವಲ್ಪವೇ ಇದ್ದವರು ಅದರ ಅರ್ಧವನ್ನು ಸ್ಪೀಕರಿಗೆ ಇಡಬೇಕು. ಅದನ್ನು ತಮ್ಮ ಕೋಣೆಯಲ್ಲಿಟ್ಟು, ತಮಗೆ ಕಂಠಪಾಠವಾದ ಮನುಷ್ಯಕಂಠದ ರೆಕಾರ್ಡಿನಿಂದ ಪರೀಕ್ಷಿಸಿ ಕೊಳ್ಳಬೇಕು. ಪ್ರಿ-ಆಂಪ್ಲಿಫೈಯರನ್ನು ಹಾಡಿಲ್ಲದಾಗ ಕೇಳಿ ಕೊಳ್ಳಬೇಕು. ಅಂದಚೆಂದದ ಮಾತು ಆಮೇಲೆ.

ಒಂದು ತೊಡಕಿಗೆ ಮಾತ್ರ ಯಾವ ಸ್ಪೀಕರಿನಲ್ಲಿಯೂ ಪರಿಹಾರವಿಲ್ಲ. ಆಷಾಢದ ಮಳೆ ಖಾನಾಪುರದ ಹಂಚುಗಳ ಮೇಲೆ ಬೀಳತೊಡಗಿದರೆ ಮನಸೂರರೂ ಸುಮ್ಮನಾಗಬೇಕಾಗುತ್ತದೆ. ಕಾಕಾ ಯಂತ್ರವನ್ನಾರಿಸಿ, ರೆಕಾರ್ಡಿನ ಮೇಲಿನ ಧೂಳನ್ನು ಮೆತ್ತನೆಯ ಬಟ್ಟೆಯಿಂದ ಒರೆಸುತ್ತ ಕುಳಿತುಕೊಳ್ಳುತ್ತಾರೆ. ಮೊನ್ನೆ ಸಂಜೆ ನನಗೊಂದು ಫೋನು ಬಂತು: "ಮಳಿ ಹೊಳವಾಗೇತಿ ತಮ್ಮಾ. ಹುಡುಗನ್ನ ಕರಕೊಂಡು ಬರ್ತೀಯೇನು?"